ಹದಿನಾರು ಚುಕ್ಕಿಗಳ ಎತ್ತರದಲ್ಲಿ ಕನ್ನಡ

2000ರ ದಶಕದಲ್ಲಿ ಹುಬ್ಬಳ್ಳಿ-ಧಾರವಾಡದ ಮನೆಗಳಿಗೆ ಬಂದ ಕಂಪ್ಯೂಟರುಗಳಲ್ಲಿ ಇಂಗ್ಲಿಷ್ ಸಲೀಸಾಗಿ ಓದಿಸಿಕೊಳ್ಳುತ್ತಿತ್ತು, ಕನ್ನಡ ಮಾತ್ರ ಕಣ್ಣಿಗೆ ದಕ್ಕುತ್ತಿರಲಿಲ್ಲ. ದೋಷ ತಮ್ಮ ಕಣ್ಣಿನದೇ ಎಂದುಕೊಂಡು ಕನ್ನಡಕದ ನಂಬರು ಬದಲಿಸಿಕೊಂಡು ಬಂದವರೂ ಇದ್ದರು. ಕಣ್ಣಿನ ಪಾಲು ಅದರಲ್ಲಿ ಸ್ವಲ್ಪ ಇದ್ದೀತು. ಹೆಚ್ಚಿನದು ಲೆಕ್ಕದ ಮಾತು. ವಿಂಡೋಸ್ ಒಂದು ಇಂಚಿಗೆ 96 ಚುಕ್ಕಿ ಎಂದು ಹಿಡಿಯುತ್ತದೆ. 12 ಪಾಯಿಂಟ್ ಎಂದರೆ ಇಂಚಿನ ಆರರಲ್ಲೊಂದು ಪಾಲು, ಅಂದರೆ 16 ಚುಕ್ಕಿ. ಅದೇ 12 ಪಾಯಿಂಟನ್ನು 600 ಡಿಪಿಐ (ಇಂಚಿಗೆ 600 ಚುಕ್ಕಿ) ಲೇಸರ್ ಪ್ರಿಂಟರು 100 ಚುಕ್ಕಿಗಳಲ್ಲಿ ಅಚ್ಚೊತ್ತುತ್ತಿತ್ತು. ಇಂಗ್ಲಿಷಿನ ಅಕ್ಷರಗಳು ಬಹುಮಟ್ಟಿಗೆ ನೆಟ್ಟಗೆ ನಿಂತ ಗೆರೆಗಳು. ಹದಿನಾರರಲ್ಲಿ ಅವುಗಳ ಸಂಸಾರ ನಡೆದುಹೋಗುತ್ತದೆ. ಕನ್ನಡಕ್ಕೆ ಅದೇ ಹದಿನಾರರೊಳಗೆ ಮೇಲೆ ತಲೆಕಟ್ಟು ಇಲ್ಲವೇ ಗುಡಿಸು, ನಡುವೆ ಮೂಲಾಕ್ಷರದ ಹೊಟ್ಟೆ, ಅದರಡಿ ಒತ್ತು, ಎಲ್ಲಕ್ಕೂ ಜಾಗ ಆಗಬೇಕು. ಮೂಲಾಕ್ಷರಕ್ಕೆ ಉಳಿಯುತ್ತಿದ್ದುದು ಅರ್ಧದಷ್ಟು.

ಈ ಇಕ್ಕಟ್ಟು ಗೊತ್ತಾಗಲು ಅವಳಿ ನಗರದ ಹೆಸರುಗಳನ್ನೇ ಪರದೆಯ ಮೇಲೆ ಬರೆದು ನೋಡಿದರೆ ಸಾಕಿತ್ತು. ಹುಬ್ಬಳ್ಳಿಯಲ್ಲಿ ಎರಡು ಒತ್ತು ಅಕ್ಕಪಕ್ಕ ಬರುತ್ತವೆ. ಅಕ್ಷರ ಸಣ್ಣದಾದಾಗ ಬ ಒತ್ತೂ ಳ ಒತ್ತೂ ಎರಡು ಕರಿ ಕಲೆಗಳಾಗಿ, ಅದು ಹುಬ್ಬಳ್ಳಿ ಎಂದು ಮೊದಲೇ ಗೊತ್ತಿದ್ದವರು ಮಾತ್ರ ಓದುವಂತಿರುತ್ತಿತ್ತು. ಧಾರವಾಡದ ಕಷ್ಟ ಬೇರೆ. ದಕಾರಕ್ಕೂ ಧಕಾರಕ್ಕೂ ಇರುವ ಅಂತರ ಬುಡದ ಒಂದು ಸೀಳು. ಪರದೆಯಲ್ಲಿ ಅದು ಒಂದೋ ಎರಡೋ ಚುಕ್ಕಿ. ಅದು ಅಳಿಸಿದರೆ ಊರು 'ದಾರವಾಡ'ವಾಗುತ್ತಿತ್ತು. ಡ-ಢ, ಪ-ಫ, ಬ-ಭ ಜೋಡಿಗಳ ಗತಿಯೂ ಇದೇ. ಪರಿಚಿತ ಶಬ್ದದಲ್ಲಿ ಕಣ್ಣು ಊಹಿಸಿಕೊಂಡು ಮುಂದೆ ಹೋಗುತ್ತದೆ. ಅಪರಿಚಿತ ಹೆಸರು, ಹಳಗನ್ನಡದ ಸಾಲು, ಸಂಸ್ಕೃತದ ಸಮಾಸ ಬಂದಲ್ಲಿ ಊಹೆ ನಡೆಯುವುದಿಲ್ಲ, ಮುಖ ಪರದೆಯ ಹತ್ತಿರ ಹೋಗುತ್ತದೆ.

ಓದುಗರೂ ಅಂಥ ಓದುಗರೇ. 1890ರಲ್ಲೇ ವಿದ್ಯಾವರ್ಧಕ ಸಂಘವನ್ನು ಕಟ್ಟಿಕೊಂಡ, 1933ರಿಂದ ಮನೋಹರ ಗ್ರಂಥಮಾಲೆಯ ಪುಸ್ತಕಗಳನ್ನು ಓದುತ್ತ ಬಂದ ಧಾರವಾಡದಲ್ಲಿ ಮನೆಯ ಕಂಪ್ಯೂಟರಿನ ಮುಂದೆ ಹೆಚ್ಚು ಹೊತ್ತು ಕೂರುತ್ತಿದ್ದವರು ನಿವೃತ್ತ ಮಾಸ್ತರರು, ಪ್ರಾಧ್ಯಾಪಕರು, ಬ್ಯಾಂಕಿನಿಂದ ಬಿಡುವು ಪಡೆದವರು. ಯಂತ್ರ ಬಹಳ ಸಲ ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುವ ಮಕ್ಕಳು ರಜೆಗೆ ಬಂದಾಗ ಕೊಡಿಸಿಟ್ಟು ಹೋದದ್ದು. ಮೊದಲು ಇ-ಮೇಲ್ ನೋಡಲು ಕಲಿತರು, ಆಮೇಲೆ ಕನ್ನಡದ ತಾಣಗಳು ಸಿಕ್ಕವು: 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ, 2005ರ 'ಸಂಪದ', ಪತ್ರಿಕೆಗಳ ಅಂತರ್ಜಾಲ ಆವೃತ್ತಿಗಳು. ಅಚ್ಚಿನ ಮೊಳೆಯ ಚೊಕ್ಕ ಅಕ್ಷರಕ್ಕೆ ಹದಗೊಂಡ ಕಣ್ಣು ಇಲ್ಲಿ ಸೋಲುತ್ತಿತ್ತು. "ಅಕ್ಷರ ಭಾಳ ಸಣ್ಣ ಅದಾವ, ಕಣ್ಣ ಉರೀತಾವ" ಎಂಬುದು ಫೋನಿನಲ್ಲಿ ಮಕ್ಕಳಿಗೆ ಹೇಳುವ ಮಾತಾಗಿತ್ತು. ಏಳು ಸಮುದ್ರದಾಚೆಯಿಂದ ಮಗ ಫೋನಿನಲ್ಲೇ 'ರೈಟ್ ಕ್ಲಿಕ್ ಮಾಡ್ರಿ' ಎಂದು ಹೇಳಿಕೊಡುವುದು ಆ ಕಾಲದ ಒಂದು ಪ್ರತ್ಯೇಕ ಕಷ್ಟ.

ಸರಿಪಡಿಸುವ ಕೆಲಸ ಫಾಂಟಿನಿಂದ ಅಲ್ಲ, ಮಾನಿಟರಿನಿಂದ ಶುರುವಾಗಬೇಕಿತ್ತು. ಆಗ ಬಹುತೇಕ ಮನೆಗಳಲ್ಲಿ ಇದ್ದುದು ಹಿಂದೆ ದೊಡ್ಡ ಬೆನ್ನಿನ ಸಿಆರ್‌ಟಿ. 15 ಇಂಚು ಎಂದು ಮಾರುತ್ತಿದ್ದ ಮಾನಿಟರಿನಲ್ಲಿ ಕಣ್ಣಿಗೆ ಕಾಣುವ ಭಾಗ 13.8 ಇಂಚಿನಷ್ಟು. ಅದರ ಪರದೆಯನ್ನು ಇಲೆಕ್ಟ್ರಾನಿನ ಕಿರಣವೊಂದು ಮೇಲಿಂದ ಕೆಳಗೆ ಗೆರೆ ಗೆರೆಯಾಗಿ ಬೆಳಗಿಸುತ್ತ ಬರುತ್ತದೆ. ಸೆಕೆಂಡಿಗೆ ಎಷ್ಟು ಸಲ ಎಂಬುದೇ ರಿಫ್ರೆಶ್ ರೇಟ್. ಅದು 60 ಆಗಿದ್ದರೆ ಪರದೆ ಮಿಣಮಿಣ ಎನ್ನುತ್ತದೆ. ನೇರ ನೋಡಿದಾಗ ಅಷ್ಟು ಗೊತ್ತಾಗದು, ಕಣ್ಣಂಚಿನಿಂದ ನೋಡಿದರೆ ಚೆನ್ನಾಗಿ ಗೊತ್ತಾಗುತ್ತದೆ. 75 ಅಥವಾ 85ಕ್ಕೆ ಏರಿಸಿದರೆ ಅದು ನಿಲ್ಲುತ್ತಿತ್ತು. ಡೆಸ್ಕ್‌ಟಾಪಿನ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಸೆಟ್ಟಿಂಗ್ಸ್, ಅಡ್ವಾನ್ಸ್ಡ್, ಮಾನಿಟರ್: ಐದು ಮೆಟ್ಟಿಲಿನ ದಾರಿ. ಆದರೆ ಹುಬ್ಬಳ್ಳಿಯ ಅಂಗಡಿಗಳಲ್ಲಿ ಅಸೆಂಬಲ್ ಮಾಡಿಸಿದ ಯಂತ್ರಗಳನ್ನು ವೈರಸ್ ಹೊಕ್ಕಾಗಲೆಲ್ಲ ಫಾರ್ಮ್ಯಾಟ್ ಮಾಡುವ ರೂಢಿ. ಫಾರ್ಮ್ಯಾಟ್ ಮಾಡಿದವರು ಮದರ್‌ಬೋರ್ಡಿನ ಜತೆ ಬಂದ ಸಿ.ಡಿ.ಯಿಂದ ಡಿಸ್‌ಪ್ಲೇ ಡ್ರೈವರ್ ಹಾಕುವುದನ್ನು ಮರೆತರೆ ಪರದೆ ಮತ್ತೆ 60ಕ್ಕೇ ಬಂದು ನಿಲ್ಲುತ್ತಿತ್ತು. ಮೊನ್ನೆಯವರೆಗೆ ಸರಿಯಿದ್ದ ಅಕ್ಷರ ಇಂದು ಯಾಕೆ ಕಣ್ಣು ಚುಚ್ಚುತ್ತದೆ ಎಂಬುದು ಮನೆಯವರಿಗೆ ತಿಳಿಯುತ್ತಿರಲಿಲ್ಲ. ತಲೆಯ ಮೇಲೆ ಹಳೆಯ ಚೋಕಿನ ಟ್ಯೂಬ್‌ಲೈಟ್ ಇದ್ದರಂತೂ ಅದರದೂ ಸೆಕೆಂಡಿಗೆ ನೂರು ಸಲದ ಮಿಡಿತ ಸೇರಿಕೊಳ್ಳುತ್ತಿತ್ತು.

ಧೂಳಿನ ಮಾತನ್ನೂ ಇಲ್ಲೇ ಹೇಳಬೇಕು. ಸಿಆರ್‌ಟಿಯ ಗಾಜಿನ ಹಿಂದೆ ಇಪ್ಪತ್ತು ಸಾವಿರ ವೋಲ್ಟಿನ ಆಸುಪಾಸಿನ ಒತ್ತಡ ಇರುತ್ತದೆ, ಗಾಜು ಧೂಳನ್ನು ಎಳೆದು ಕೂರಿಸಿಕೊಳ್ಳುತ್ತದೆ. ಬೇಸಿಗೆಯ ಹುಬ್ಬಳ್ಳಿಯಲ್ಲಿ ಕೆಲವೇ ದಿನಗಳಲ್ಲಿ ಪರದೆಯ ಮೇಲೆ ತೆಳು ಪದರ ಕೂತು ಬಿಳಿ ಹಿನ್ನೆಲೆ ಮಾಸಲಾಗುತ್ತಿತ್ತು. ಅದನ್ನು ಸರಿದೂಗಿಸಲು ಬ್ರೈಟ್‌ನೆಸ್ ಏರಿಸುತ್ತಿದ್ದರು, ಏರಿಸಿದಷ್ಟೂ ಚುಕ್ಕಿಗಳು ಉಬ್ಬಿ ಅಕ್ಷರ ಇನ್ನಷ್ಟು ಮಸುಕಾಗುತ್ತಿತ್ತು. ಯಂತ್ರ ಆರಿಸಿ, ಒದ್ದೆ ಮಾಡಿ ಹಿಂಡಿದ ಮೆತ್ತನೆಯ ಬಟ್ಟೆಯಿಂದ ಗಾಜು ಒರೆಸಿದರೆ ಯಾವ ಸೆಟ್ಟಿಂಗೂ ಕೊಡದಷ್ಟು ಗುಣ ಸಿಗುತ್ತಿತ್ತು. ಮಾನಿಟರಿನ ಮುಂದೆ ತೂಗುಹಾಕುವ ಫಿಲ್ಟರ್ ಗಾಜಿನ ವ್ಯಾಮೋಹವೂ ಆ ಕಾಲದ್ದೇ. ಕಣ್ಣಿಗೆ ಕ್ಷೇಮ ಎಂದು ಕೊಂಡ ಅದರಲ್ಲಿ ಧೂಳು ಕೂರುವ ಮುಖಗಳು ಎರಡು ಹೆಚ್ಚಾದವು. ಜಾಲರಿ ಬಗೆಯದಾದರೆ ಒತ್ತಕ್ಷರದ ಗತಿ ಕೇಳುವುದೇ ಬೇಡ. ಕಿಟಕಿಗೆ ಬೆನ್ನು ಮಾಡಿ ಕೂರದೆ ಪಕ್ಕ ಮಾಡಿ ಕೂತರೆ ಫಿಲ್ಟರಿನ ಮುಕ್ಕಾಲು ಕೆಲಸ ಬಿಟ್ಟಿಯಾಗಿ ಆಗುತ್ತಿತ್ತು.

ಮೇಜಿನ ಎತ್ತರ ಯಾರ ಗಮನಕ್ಕೂ ಬಾರದ ಸಂಗತಿ. ಆಗಿನ ಕಂಪ್ಯೂಟರ್ ಮೇಜುಗಳಲ್ಲಿ ಕೀಬೋರ್ಡಿಗೆ ಜಾರು ಹಲಗೆ, ಮಾನಿಟರಿಗೆ ಅದರ ಮೇಲಿನ ಅಟ್ಟ. ಪರದೆಯ ನಡುಭಾಗ ಕಣ್ಣಿನ ಮಟ್ಟಕ್ಕಿಂತ ಮೇಲೇ ಉಳಿಯುತ್ತಿತ್ತು. ಬೈಫೋಕಲ್ ಹಾಕಿದವರಿಗೆ ಓದುವ ಗಾಜು ಇರುವುದು ಕೆಳಗೆ. ಹಾಗಾಗಿ ಗದ್ದ ಎತ್ತಿ, ಕತ್ತು ಹಿಂದೆ ಬಾಗಿಸಿ ಓದಬೇಕಾಗುತ್ತಿತ್ತು. ಅರ್ಧ ತಾಸಿಗೆ ಹೆಡಕು ಹಿಡಿಯುತ್ತಿತ್ತು. ಅದರ ಮೇಲೆ, ಆ ಗಾಜು ಪುಸ್ತಕದ ದೂರಕ್ಕೆ, ಅಂದರೆ ಒಂದು ಅಡಿಗಿಂತ ತುಸು ಹೆಚ್ಚಿಗೆ ಹೊಂದಿಸಿದ್ದು. ಮಾನಿಟರ್ ಇರುವುದು ಎರಡು ಅಡಿಯಾಚೆ. ಮಾನಿಟರನ್ನು ಅಟ್ಟದಿಂದ ಇಳಿಸಿ ಸಾದಾ ಮೇಜಿನ ಮೇಲಿಟ್ಟವರಿಗೆ, ಕಂಪ್ಯೂಟರಿಗೆಂದೇ ಒಂದೇ ನಂಬರಿನ ಬೇರೆ ಕನ್ನಡಕ ಮಾಡಿಸಿಕೊಂಡವರಿಗೆ, ಉಳಿದ ಕಷ್ಟ ಅರ್ಧ ಇಳಿಯುತ್ತಿತ್ತು.

ಮುಂದಿನ ಪ್ರಶ್ನೆ ರೆಸಲ್ಯೂಶನ್. 15 ಇಂಚಿನ ಸಿಆರ್‌ಟಿಯಲ್ಲಿ 1024×768 ಇಟ್ಟರೆ 16 ಚುಕ್ಕಿಯ ಅಕ್ಷರದ ಮನೆ ಸುಮಾರು 4.4 ಮಿಲಿಮೀಟರ್, 800×600 ಇಟ್ಟರೆ 5.6 ಮಿಲಿಮೀಟರ್. ಬಹಳ ಮನೆಗಳಲ್ಲಿ ಎರಡನೆಯದನ್ನು ಇಟ್ಟು ಕೆಲಸ ಮುಗಿಯಿತೆಂದು ಕೈತೊಳೆದುಕೊಂಡರು. ಅಕ್ಷರ ದೊಡ್ಡದಾದದ್ದು ನಿಜ. ಆದರೆ ಚುಕ್ಕಿಗಳ ಸಂಖ್ಯೆ ಅದೇ ಹದಿನಾರು, ಪ್ರತಿ ಚುಕ್ಕಿ ಮಾತ್ರ ದಪ್ಪ. ಕಲೆಯಾಗಿದ್ದ ಒತ್ತು ದೊಡ್ಡ ಕಲೆಯಾಯಿತು. ಚುಕ್ಕಿಯನ್ನು ದೊಡ್ಡದು ಮಾಡುವುದು ಬೇರೆ, ಅಕ್ಷರಕ್ಕೆ ಹೆಚ್ಚು ಚುಕ್ಕಿ ಕೊಡುವುದು ಬೇರೆ. ಇಂಗ್ಲಿಷಿಗೆ ಮೊದಲನೆಯದು ನಡೆಯುತ್ತದೆ. ಕನ್ನಡಕ್ಕೆ ಬೇಕಾದದ್ದು ಎರಡನೆಯದು.

ದಶಕದ ಕೊನೆಗೆ ಚಪ್ಪಟೆ ಎಲ್‌ಸಿಡಿ ಪರದೆಗಳು ಅಗ್ಗವಾಗಿ, ಹಳೆಯ ಡಬ್ಬಿಗೇ ಅವನ್ನು ಜೋಡಿಸಿಕೊಳ್ಳುವುದು ಶುರುವಾಯಿತು. ಇಲ್ಲಿ ಮಿಣುಕಾಟವಿಲ್ಲ, 60ರಲ್ಲೇ ಪರದೆ ನಿಶ್ಚಲ. ಆದರೆ ಎಲ್‌ಸಿಡಿಯ ಚುಕ್ಕಿಗಳು ಗಾಜಿನಲ್ಲೇ ಕೆತ್ತಿಟ್ಟಂತಿರುತ್ತವೆ. 15 ಇಂಚಿನದಕ್ಕೆ 1024×768, 17 ಇಂಚಿನ ಚೌಕಕ್ಕೆ 1280×1024. ಹಳೆಯ ಅಭ್ಯಾಸದಂತೆ ಇದನ್ನೂ 800×600ಕ್ಕೆ ಇಳಿಸಿದವರಿಗೆ ಸಿಕ್ಕಿದ್ದು ಎಣ್ಣೆ ಬಿದ್ದ ಕಾಗದದಂಥ ಬರಹ. ಒಂದು ಚುಕ್ಕಿಯನ್ನು ಒಂದೂಕಾಲೋ ಒಂದೂವರೆಯೋ ಚುಕ್ಕಿಗೆ ಹಂಚಲು ಹೋದರೆ ಇನ್ನೇನಾದೀತು. ಹಳೆಯ ಯಂತ್ರಗಳಿಂದ ಮಾನಿಟರಿಗೆ ಹೋಗುತ್ತಿದ್ದುದು ನೀಲಿ ತಲೆಯ ವಿಜಿಎ ತಂತಿ. ಅದರಲ್ಲಿ ಹರಿಯುವ ಅನಲಾಗ್ ಸಂಕೇತವನ್ನು ಪರದೆ ಸರಿಯಾದ ಗಳಿಗೆಯಲ್ಲಿ ಹಿಡಿಯದಿದ್ದರೆ ಉದ್ದ ಪಟ್ಟಿಗಳಲ್ಲಿ ಅಕ್ಷರ ಮಂಜಾಗಿ ಕಾಣುತ್ತಿತ್ತು: ಒಂದು ಕಡೆ ಚೊಕ್ಕ, ನಾಲ್ಕು ಬೆರಳಿನಾಚೆ ಮಸುಕು, ಮತ್ತೆ ಚೊಕ್ಕ. ಮಾನಿಟರಿನ ಕೆಳಅಂಚಿನಲ್ಲಿದ್ದ 'ಆಟೋ' ಗುಂಡಿಯನ್ನು ಒತ್ತಿದರೆ ಎರಡು ಸೆಕೆಂಡಿನಲ್ಲಿ ಸರಿಹೋಗುತ್ತಿತ್ತು. ಆ ಗುಂಡಿ ಇರುವುದು ಏತಕ್ಕೆಂದು ಮಾರಿದ ಅಂಗಡಿಯವರೂ ಬಹಳ ಸಲ ಹೇಳುತ್ತಿರಲಿಲ್ಲ.

ಪರದೆ ನೆಟ್ಟಗಾದ ಮೇಲೆ ಲಿಪಿ. ವಿಂಡೋಸ್ 98ಕ್ಕೆ ಕನ್ನಡ ಗೊತ್ತಿರಲಿಲ್ಲ. 2000ದ ಆವೃತ್ತಿ ದೇವನಾಗರಿಯನ್ನೂ ತಮಿಳನ್ನೂ ಕಲಿಯಿತು, ಕನ್ನಡಕ್ಕೆ 2001ರ ಎಕ್ಸ್‌ಪಿಯವರೆಗೆ ಕಾಯಬೇಕಾಯಿತು. ಅಲ್ಲಿಯವರೆಗೆ ಮತ್ತು ಅದರ ನಂತರವೂ ಬಹಳ ವರ್ಷ ಕೆಲಸ ನಡೆಸಿದ್ದು ಶೇಷಾದ್ರಿವಾಸು ಚಂದ್ರಶೇಖರನ್ 1998ರಲ್ಲಿ ಹೊರತಂದ 'ಬರಹ', ರಾಜ್ಯ ಸರ್ಕಾರಕ್ಕಾಗಿ ಕನ್ನಡ ಗಣಕ ಪರಿಷತ್ತು ರೂಪಿಸಿದ 'ನುಡಿ', ಡಿಟಿಪಿ ಅಂಗಡಿಗಳ 'ಶ್ರೀಲಿಪಿ'. ಇವುಗಳ ಹಳೆಯ ಫಾಂಟುಗಳಲ್ಲಿ ಕನ್ನಡದ ಅಕ್ಷರ ಇಡಿಯಾಗಿ ಇರುತ್ತಿರಲಿಲ್ಲ, ರೋಮನ್ ಅಕ್ಷರಗಳ ಜಾಗದಲ್ಲಿ ಕೂತ ತುಂಡುಗಳಿರುತ್ತಿದ್ದವು. ತಲೆಕಟ್ಟು ಒಂದು ತುಂಡು, ಒತ್ತು ಇನ್ನೊಂದು. ಕಾಗದದ ಮೇಲೆ ಅವು ಬೆಸೆದುಕೊಳ್ಳುತ್ತಿದ್ದವು. ಪರದೆಯ ಮೇಲೆ ಬೆಸುಗೆಯಲ್ಲಿ ಒಂದು ಚುಕ್ಕಿಯ ಬಿರುಕೋ ಒಂದು ಚುಕ್ಕಿಯ ಗಂಟೋ ಉಳಿಯುತ್ತಿತ್ತು. ಅದಕ್ಕೇ ಡಿಟಿಪಿ ಮಾಡುವವರು ಪೇಜ್‌ಮೇಕರಿನ ಪುಟವನ್ನು ಶೇ. 200ಕ್ಕೆ ಹಿಗ್ಗಿಸಿಕೊಂಡು ಟೈಪ್ ಮಾಡುತ್ತಿದ್ದರು, ಕರಡು ತಿದ್ದುವವರು ಪರದೆಯನ್ನು ನಂಬದೆ ಪ್ರಿಂಟನ್ನೇ ಕೇಳುತ್ತಿದ್ದರು.

ಎಕ್ಸ್‌ಪಿಯಲ್ಲಿ ಯುನಿಕೋಡ್ ಕನ್ನಡ ಇತ್ತು, ಆದರೆ ಬಾಗಿಲ ಹಿಂದೆ. ಕಂಟ್ರೋಲ್ ಪ್ಯಾನೆಲಿನ ರೀಜನಲ್ ಆಪ್ಶನ್ಸ್ ಒಳಗೆ, ಲ್ಯಾಂಗ್ವೇಜಸ್ ಎಂಬ ಹಾಳೆಯಲ್ಲಿ, ಸಂಕೀರ್ಣ ಲಿಪಿಗಳ ಕಡತಗಳನ್ನು ಅಳವಡಿಸುವ ಚೌಕಕ್ಕೆ ಗುರುತು ಹಾಕಿದಾಗ ಯಂತ್ರ ವಿಂಡೋಸಿನ ಸಿ.ಡಿ. ಕೇಳುತ್ತಿತ್ತು. ಸಿ.ಡಿ. ಎಷ್ಟು ಮನೆಗಳಲ್ಲಿ ಇತ್ತು ಎಂಬ ಪ್ರಶ್ನೆ ಬೇಡ. ಗುರುತು ಹಾಕದಿದ್ದರೆ ಫಾಂಟ್ ಇದ್ದರೂ ಗುಣಿತ ಕೂಡಿಕೊಳ್ಳುತ್ತಿರಲಿಲ್ಲ. ವ್ಯಂಜನ, ಹಲಂತದ ಗುರುತು, ಇನ್ನೊಂದು ವ್ಯಂಜನ, ಅದರ ಸ್ವರಚಿಹ್ನೆ ಎಲ್ಲ ಸಾಲಾಗಿ ಬಿಡಿಬಿಡಿ ನಿಲ್ಲುತ್ತಿದ್ದವು. ಫಾಂಟೂ ಇಲ್ಲದಿದ್ದರೆ ಖಾಲಿ ಚೌಕಗಳು. 'ಕನ್ನಡ ತಾಣ ಸರಿ ಇಲ್ಲ' ಎಂದು ಕೈಬಿಟ್ಟ ಅನೇಕರ ಯಂತ್ರದಲ್ಲಿ ಬೇಕಿದ್ದುದು ಈ ಒಂದು ಗುರುತು.

ಬಾಗಿಲು ತೆರೆದ ಮೇಲೆ ಎದುರಾಗುತ್ತಿದ್ದುದು 'ತುಂಗಾ', ಎಕ್ಸ್‌ಪಿಯೊಂದಿಗೆ ಬಂದ ಫಾಂಟ್. ಮೇಲಿನ ಗುಡಿಸಿಗೂ ಕೆಳಗಿನ ಒತ್ತಿಗೂ ಜಾಗ ಬಿಡಬೇಕಾದ್ದರಿಂದ ಅದರಲ್ಲಿ ಮೂಲಾಕ್ಷರ ಪಕ್ಕದ ರೋಮನ್ ಅಕ್ಷರಕ್ಕಿಂತ ಕುಬ್ಜವಾಗಿ ಕಾಣುತ್ತಿತ್ತು. ತಾಣ ಕಟ್ಟುವವರು ಇಂಗ್ಲಿಷಿನ ರೂಢಿಯಲ್ಲಿ 12-13 ಚುಕ್ಕಿ ಎಂದು ನಮೂದಿಸಿಟ್ಟರೆ ಕನ್ನಡ ಇರುವೆಯ ಸಾಲಾಗುತ್ತಿತ್ತು. ಇಂಟರ್ನೆಟ್ ಎಕ್ಸ್‌ಪ್ಲೋರರ್ 6ರ 'ಟೆಕ್ಸ್ಟ್ ಸೈಜ್' ಪಟ್ಟಿಯಲ್ಲಿ 'ಲಾರ್ಜೆಸ್ಟ್' ಆರಿಸಿದರೂ ಹೀಗೆ ಅಳತೆ ಕಟ್ಟಿಹಾಕಿದ ಪುಟಗಳು ಜಗ್ಗುತ್ತಿರಲಿಲ್ಲ; ಆಕ್ಸೆಸಿಬಿಲಿಟಿ ಎಂಬ ಗುಂಡಿಯೊಳಗೆ ಹೋಗಿ, ಪುಟ ಹೇಳುವ ಅಳತೆಯನ್ನು ಲೆಕ್ಕಿಸಬೇಡ ಎಂದು ಬ್ರೌಸರಿಗೆ ತಾಕೀತು ಮಾಡಬೇಕಿತ್ತು. 2004ರ ಕೊನೆಗೆ ಬಂದ ಫೈರ್‌ಫಾಕ್ಸ್ ಈ ವಿಷಯದಲ್ಲಿ ಹೆಚ್ಚು ಮನುಷ್ಯತ್ವದ್ದು: ಕಂಟ್ರೋಲ್ ಒತ್ತಿ ಪ್ಲಸ್ ಒತ್ತಿದರೆ ಯಾವ ಪುಟದ ಅಕ್ಷರವಾದರೂ ಬೆಳೆಯುತ್ತಿತ್ತು. ಕನಿಷ್ಠ ಅಳತೆ ಎಂಬ ಆಯ್ಕೆಯನ್ನು ಅದು ಕನ್ನಡಕ್ಕೇ ಬೇರೆಯಾಗಿ ಕೊಟ್ಟಿತ್ತು. ಅಲ್ಲಿ 18 ಅಥವಾ 20 ಎಂದು ಒಮ್ಮೆ ಬರೆದಿಟ್ಟರೆ ಇಂಗ್ಲಿಷ್ ಪುಟಗಳು ಕೆಡದೆ, ಕನ್ನಡದ್ದೆಂದು ಗುರುತು ಹೇಳಿಕೊಂಡ ಪುಟಗಳಲ್ಲಿ ಮಾತ್ರ ಅಕ್ಷರ ದೊಡ್ಡದಾಗುತ್ತಿತ್ತು. ಆ ಕಾಲದ ಎಲ್ಲ ಉಪಾಯಗಳಲ್ಲಿ ಹೆಚ್ಚು ಫಲ ಕೊಟ್ಟದ್ದು ಇದೇ, ಕಡಿಮೆ ಜನಕ್ಕೆ ಗೊತ್ತಿದ್ದುದೂ ಇದೇ. ಬ್ರೌಸರಿನ ಹೊರಗೆ ಡಿಪಿಐಯನ್ನು 96ರಿಂದ 120ಕ್ಕೆ ಏರಿಸುವ ದಾರಿಯಿತ್ತು: 12 ಪಾಯಿಂಟಿಗೆ 16ರ ಬದಲು 20 ಚುಕ್ಕಿ. ಕೆಲವು ತಂತ್ರಾಂಶಗಳ ಕಿಟಕಿಗಳು ಇದಕ್ಕೆ ಒಗ್ಗದೆ 'ಓಕೆ' ಗುಂಡಿಯೇ ಅಂಚಿನಾಚೆ ಹೋಗಿಬಿಡುತ್ತಿತ್ತು. ಆದರೂ ನಾಲ್ಕು ಚುಕ್ಕಿ ಹೆಚ್ಚಾದರೆ ಒತ್ತಿಗೆ ಒಂದು ಸಾಲು, ಧಕಾರದ ಸೀಳಿಗೆ ಒಂದು ಚುಕ್ಕಿ ಸಿಗುತ್ತಿತ್ತು.

ಕೊನೆಗೆ ನಯಗೊಳಿಸುವಿಕೆ, ಅಂದರೆ ಕ್ಲಿಯರ್‌ಟೈಪ್. ಬಿಲ್ ಗೇಟ್ಸ್ 1998ರ ನವೆಂಬರಿನಲ್ಲಿ ಘೋಷಿಸಿದ ಈ ತಂತ್ರ ಎಕ್ಸ್‌ಪಿಯಲ್ಲಿ ಇತ್ತು, ಆದರೆ ತಾನಾಗಿ ಚಾಲೂ ಆಗಿರುತ್ತಿರಲಿಲ್ಲ. ಅಪಿಯರೆನ್ಸ್ ಹಾಳೆಯ ಎಫೆಕ್ಟ್ಸ್ ಒಳಗೆ ಹುಡುಕಿ ಹಾಕಬೇಕಿತ್ತು. ಕಂಪ್ಯೂಟರ್ ಬಲ್ಲ ಹುಡುಗರು ಯಾರ ಮನೆಗೆ ಹೋದರೂ ಮೊದಲು ಮಾಡುತ್ತಿದ್ದುದು ಇದನ್ನೇ. ಎಲ್‌ಸಿಡಿಯ ಪ್ರತಿ ಚುಕ್ಕಿಯೂ ಕೆಂಪು, ಹಸಿರು, ನೀಲಿ ಎಂಬ ಮೂರು ನಿಂತ ಪಟ್ಟಿಗಳ ಕೂಟ. ಕ್ಲಿಯರ್‌ಟೈಪ್ ಆ ಪಟ್ಟಿಗಳನ್ನು ಬೇರೆಬೇರೆಯಾಗಿ ಬೆಳಗಿಸಿ, ಅಡ್ಡಲಾಗಿ ಮೂರು ಪಟ್ಟು ಸೂಕ್ಷ್ಮತೆಯನ್ನು ಗಿಟ್ಟಿಸುತ್ತದೆ. ಅಡ್ಡಲಾಗಿ ಮಾತ್ರ. ಮೇಲೆ-ಕೆಳಗಿನ ದಿಕ್ಕಿನಲ್ಲಿ ಎಕ್ಸ್‌ಪಿಯ ಕ್ಲಿಯರ್‌ಟೈಪ್ ಏನನ್ನೂ ಮಾಡುತ್ತಿರಲಿಲ್ಲ. ನೆಟ್ಟಗೆ ನಿಂತ ಇಂಗ್ಲಿಷಿಗೆ ಅದು ವರ. ಕನ್ನಡದ ಗುಂಡು ಹೊಟ್ಟೆಗಳಿಗೆ ಅರ್ಧ ವರ. ಅಕ್ಷರದ ಎಡಬಲದ ಬದಿಗಳು ನುಣುಪಾದವು. ತಲೆಕಟ್ಟಿನ ಬಾಗು, ಬುಡದ ತಿರುವು, ಒತ್ತಿನ ಕೊಂಡಿ ಎಂದಿನಂತೆ ಮೆಟ್ಟಿಲು ಮೆಟ್ಟಿಲಾಗಿಯೇ ಉಳಿದವು. ಕನ್ನಡಕ್ಕೆ ಚುಕ್ಕಿಯ ಬರ ಇದ್ದುದು ನಿಲುವಿನಲ್ಲಿ, ನೆರವು ಬಂದದ್ದು ಅಗಲದಲ್ಲಿ.

ಸಿಆರ್‌ಟಿಯಲ್ಲಿ ಆ ಅರ್ಧ ವರವೂ ಅನುಮಾನದ್ದು. ಅಲ್ಲಿ ಕಿರಣ ಬೀಳುವ ಜಾಗಕ್ಕೂ ಬಣ್ಣದ ಪಟ್ಟಿಗಳಿಗೂ ಲೆಕ್ಕ ಹೊಂದುವುದಿಲ್ಲ, ಅಕ್ಷರದಂಚಿಗೆ ತೆಳುವಾದ ಕೆಂಪು-ನೀಲಿ ಛಾಯೆ ಬರುತ್ತಿತ್ತು. ಕೆಲವರಿಗೆ ಅದು ಮೃದುವೆನಿಸಿತು, ಕೆಲವರಿಗೆ ಕನ್ನಡಕ ಮಂಜಾದಂತೆ ಅನಿಸಿತು. ಎರಡೂ ನಿಜವಾದ ಅನುಭವಗಳೇ, ಹಾಕಿ ತೆಗೆದು ನೋಡುವುದೊಂದೇ ದಾರಿ. 'ಸ್ಟ್ಯಾಂಡರ್ಡ್' ಎಂಬ ಹಳೆಯ ಬೂದುಬಣ್ಣದ ವಿಧಾನ ನಿಲುವಿನಲ್ಲೂ ನಯ ಮಾಡಬಲ್ಲದ್ದು, ಆದರೆ ಓದುವ ಅಳತೆಯ ಸಣ್ಣಕ್ಷರಗಳಲ್ಲಿ ಬಹಳ ಫಾಂಟುಗಳಿಗೆ ಅದು ಅನ್ವಯಿಸುತ್ತಲೇ ಇರಲಿಲ್ಲ. ದಪ್ಪಕ್ಷರದ ವಿಷಯದಲ್ಲಿ ಮಾತ್ರ ಅನುಮಾನವಿಲ್ಲ: ಆಗ ತುಂಗಾಕ್ಕೆ ದಪ್ಪದ ಬೇರೆ ಅಚ್ಚು ಇರಲಿಲ್ಲ, ವಿಂಡೋಸ್ ಅದೇ ಅಕ್ಷರವನ್ನು ಒಂದು ಚುಕ್ಕಿ ಸರಿಸಿ ಮತ್ತೊಮ್ಮೆ ಬರೆಯುತ್ತಿತ್ತು. ಹೊಟ್ಟೆಯೊಳಗಿನ ಬಿಳಿ ಮುಚ್ಚಿಹೋಗಿ ಶೀರ್ಷಿಕೆಗಳು ಗುಳಿಗೆಗಳಂತೆ ಕಾಣುತ್ತಿದ್ದವು. ಚೆನ್ನಾಗಿ ಕಾಣಲಿ ಎಂದು ಎಲ್ಲವನ್ನೂ 'ಬೋಲ್ಡ್' ಮಾಡಿಟ್ಟುಕೊಂಡ ಹಿರಿಯರು ಇದ್ದರು. ಬೋಲ್ಡ್ ತೆಗೆದು ಎರಡು ಅಳತೆ ಏರಿಸುವುದೇ ಅದಕ್ಕೆ ಮದ್ದು. ಬಿಳಿಯ ಹಿನ್ನೆಲೆಯನ್ನು ತುಸು ಕೆನೆಬಣ್ಣಕ್ಕೆ ತಿರುಗಿಸುವುದು ಸಿಆರ್‌ಟಿಯಲ್ಲಿ ಹಿತವಾಗಿತ್ತು, ಅಕ್ಷರ ಮಾತ್ರ ಕಪ್ಪಾಗಿಯೇ ಇರಬೇಕು.

ಕ್ಲಿಯರ್‌ಟೈಪಿಗೆ ನಿಲುವಿನ ನಯ ವ್ಯಾಪಕವಾಗಿ ಬಂದದ್ದು ವಿಂಡೋಸ್ 7ರಲ್ಲಿ ಅಕ್ಷರ ಮೂಡಿಸುವ ಹೊಸ ವ್ಯವಸ್ಥೆಯೊಂದಿಗೆ. 2011ರ ಇಂಟರ್ನೆಟ್ ಎಕ್ಸ್‌ಪ್ಲೋರರ್ 9 ಅದನ್ನು ಬಳಸಿತು, ಆದರೆ ಎಕ್ಸ್‌ಪಿಯ ಮೇಲೆ ಆ ಬ್ರೌಸರ್ ಓಡುತ್ತಿರಲಿಲ್ಲ. 2012ರ ವಿಂಡೋಸ್ 8ರಲ್ಲಿ ತುಂಗಾದ ಜತೆಗೆ ನಿರ್ಮಲಾ ಯುಐ ಬಂತು. ಎಕ್ಸ್‌ಪಿಗೆ ಕಂಪನಿಯ ಬೆಂಬಲ 2014ರ ಏಪ್ರಿಲ್ 8ಕ್ಕೆ ನಿಂತಿತು. ಅಷ್ಟು ಹೊತ್ತಿಗೆ ಆ ಹಿರಿಯರ ಕೈಗೆ ಇಂಚಿಗೆ ಮುನ್ನೂರು ಚುಕ್ಕಿಯ ಮೊಬೈಲ್ ಬಂದಿತ್ತು, ಡಬ್ಬಿಯ ಮೇಲೆ ಬಟ್ಟೆ ಹೊದಿಸಿಯಾಗಿತ್ತು. ಮುಕ್ತವಾಗಿ ಸಿಗುವ ಕನ್ನಡ ಫಾಂಟುಗಳೂ ಈಗ ಕೈತುಂಬ ಇವೆ. ಎರಿನ್ ಮೆಕ್‌ಲಾಫ್ಲಿನ್ ವಿನ್ಯಾಸ ಮಾಡಿದ, ಗೆರೆಯೆಲ್ಲ ಒಂದೇ ದಪ್ಪದ ಒಂದು ಫಾಂಟಿಗೆ 'ಹುಬ್ಬಳ್ಳಿ' ಎಂದೇ ಹೆಸರು. ಆ ಹೆಸರಿನ ಎರಡು ಒತ್ತುಗಳು ಅದರಲ್ಲಿ ಬಿಡಿಸಿ ಕಾಣುತ್ತವೆ, ಅಳತೆ ದೊಡ್ಡದಿದ್ದರೆ.

ಬಟ್ಟೆ ತೆಗೆದು ಅಂಥ ಯಂತ್ರವನ್ನು ಇನ್ನೂ ನಡೆಸಬೇಕೆನ್ನುವವರಿಗೆ ಎಕ್ಸ್‌ಪಿಯ ಬದಲು ಹಗುರವಾದೊಂದು ಲಿನಕ್ಸ್ ಮೇಲು. 32 ಬಿಟ್‌ನ ಹಳೆಯ ಪ್ರೊಸೆಸರಿಗೆ ಡೆಬಿಯನ್ 12ರವರೆಗಿನ ಆವೃತ್ತಿಗಳು ನಡೆಯುತ್ತವೆ. ಫಾಂಟ್ ಲೋಹಿತ್ ಕನ್ನಡ ಅಥವಾ ನೋಟೋ ಸಾನ್ಸ್ ಕನ್ನಡ ಇರಲಿ. ಗೆರೆಗಳನ್ನು ಚುಕ್ಕಿಗಳಿಗೆ ಹೊಂದಿಸಿ ಕೂರಿಸುವ 'ಹಿಂಟಿಂಗ್' ಆಯ್ಕೆಯನ್ನು 'ಸ್ಲೈಟ್' ಇಟ್ಟರೆ ಆಕಾರ ಕೆಡುವುದಿಲ್ಲ. ಪರದೆ ಸಿಆರ್‌ಟಿಯಾದರೆ ಬಣ್ಣದ ಪಟ್ಟಿಯ ನಯವನ್ನು ಬಿಟ್ಟು ಬೂದುಬಣ್ಣದ ನಯವನ್ನು ಆರಿಸಬೇಕು, ಅದು ಎರಡೂ ದಿಕ್ಕಿಗೆ ಕೆಲಸ ಮಾಡುತ್ತದೆ. ಎಲ್‌ಸಿಡಿಯಾದರೆ ಎರಡನ್ನೂ ಹಾಕಿ ನೋಡಬಹುದು. ಬ್ರೌಸರಿನಲ್ಲಿ ಕನ್ನಡದ ಕನಿಷ್ಠ ಅಳತೆ 18ಕ್ಕಿಂತ ಕೆಳಗೆ ಬೇಡ.